ಹೋಬೋಕನ್‌ಗೆ ಅರ್ಧ ದಿನ: ಹಡ್ಸನ್ ನದಿ ದಾಟಿ ಅಪ್ಪ-ಅಮ್ಮನ ಜೊತೆ ನಡ್ಕೊಂಡು ನೋಡೋದು ಹೇಗೆ, ಶುರುವಿಂದ ಕೊನೇವರೆಗೆ

ನ್ಯೂಯಾರ್ಕ್ ನೋಡೋಕೆ ಅಂತ ಊರಿಂದ ಬಂದೋರನ್ನ ನಾವೆಲ್ಲ ನದಿ ಆಚೆ ನ್ಯೂಜೆರ್ಸಿಲಿರೋ ಹೋಬೋಕನ್‌ಗೆ ಕರ್ಕೊಂಡು ಹೋಗೋದು ಒಂದೇ ಕಾರಣಕ್ಕೆ, ಅಲ್ಲಿಂದ ಮ್ಯಾನ್‌ಹ್ಯಾಟನ್ ಚೆನ್ನಾಗಿ ಕಾಣುತ್ತೆ ಅಂತ. ಪಿಯರ್ (ನದಿಯೊಳಕ್ಕೆ ಚಾಚಿರೋ ಧಕ್ಕೆ) ಮೇಲೆ ನಾಲ್ಕು ಫೋಟೋ, ಟೀವಿಲಿ ಬಂದ ಬೇಕರಿಲಿ ಒಂದು ಕೇಕು, ವಾಪಸ್ ಮನೆ. ನಾನೂ ಮೊದಲೆರಡು ವರ್ಷ ಬಂದ ನೆಂಟರಿಗೆಲ್ಲ ಇದನ್ನೇ ಮಾಡಿಸಿದ್ದು. ಆಮೇಲೆ ಅಪ್ಪ-ಅಮ್ಮ ಆರು ತಿಂಗಳಿಗೆ ಬಂದ್ರು, ಅಪ್ಪಂಗೆ ಮಂಡಿ ನೋವು, ಸಬ್‌ವೇ ಮೆಟ್ಟಿಲು ಹತ್ತಿ ಇಳಿದು ಮೂರನೇ ದಿನಕ್ಕೆ "ನೀವು ಹೋಗ್ಬನ್ನಿ, ನಾನು ಮನೇಲೇ ಇರ್ತೀನಿ" ಅಂದ್ಬಿಟ್ರು. ಅವರನ್ನ ಹೇಗೋ ಒಪ್ಪಿಸಿ ಒಂದು ಮಧ್ಯಾಹ್ನ ಹೋಬೋಕನ್ ಪೂರ್ತಿ ನಿಧಾನಕ್ಕೆ ನಡೆಸಿದೆ, ಅವತ್ತು ಗೊತ್ತಾಯ್ತು, ಈ ಊರನ್ನ ನಾನು ಇಷ್ಟು ವರ್ಷ ಬೆನ್ನು ಹಾಕ್ಕೊಂಡೇ ನೋಡಿದ್ದೆ ಅಂತ. ನದಿ ಕಡೆ ಹತ್ತು ನಿಮಿಷ ಸಾಕು, ಮಿಕ್ಕಿದ್ದೆಲ್ಲ ಊರೊಳಗಿದೆ.

ಊರು ಎಷ್ಟು ಚಿಕ್ಕದು ಅಂದ್ರೆ ಅದರ ಅಡ್ಡಹೆಸರೇ 'ಮೈಲ್ ಸ್ಕ್ವೇರ್ ಸಿಟಿ'. ನೆಲ ಸುಮಾರು ಒಂದೂಕಾಲು ಚದರ ಮೈಲಿ, 2020ರ ಜನಗಣತಿ ಪ್ರಕಾರ ಜನ 60 ಸಾವಿರ ಚಿಲ್ಲರೆ. ಬೆಳಿಗ್ಗೆ ಆದ್ರೆ ಅದರಲ್ಲಿ ದೊಡ್ಡ ಪಾಲು ನದಿ ಆಚೆ ಕೆಲಸಕ್ಕೆ ಹೊರಡುತ್ತೆ. ನಾನು ಹೇಳೋ ದಾರಿ ಒಟ್ಟು 5 ಕಿಲೋಮೀಟರ್ ಆಸುಪಾಸು, ಒಂದೇ ಒಂದು ಏರು ಇದೆ, ಅದನ್ನ ಬಿಡಬೇಕು ಅಂದ್ರೆ ಬಿಡಬಹುದು.

ಯಾವಾಗ ಹೋಗ್ಬೇಕು

ಮಧ್ಯಾಹ್ನ 12ರ ಸುಮಾರಿಗೆ ಶುರು ಮಾಡಿ ಸೂರ್ಯ ಮುಳುಗೋ ಹೊತ್ತಿಗೆ ಉತ್ತರ ತುದಿ ಸೇರೋ ಹಾಗೆ ಪ್ಲಾನ್ ಮಾಡ್ಕೊಳ್ಳಿ. ಇದು ಫೋಟೋ ತೆಗೆಯೋರಿಗೆ ತುಂಬಾ ಮುಖ್ಯ. ಮ್ಯಾನ್‌ಹ್ಯಾಟನ್ ಇರೋದು ಪೂರ್ವಕ್ಕೆ, ಬೆಳಿಗ್ಗೆ ಸೂರ್ಯ ಆ ಬಿಲ್ಡಿಂಗ್‌ಗಳ ಹಿಂದಿಂದ ಬರ್ತಾನೆ, ಎಲ್ಲ ಕಪ್ಪು ಕಪ್ಪಾಗಿ ಬರುತ್ತೆ. ಸಂಜೆ ಬೆಳಕು ಪಶ್ಚಿಮದಿಂದ ನೇರ ಗಾಜಿನ ಮೇಲೆ ಬಿದ್ದು ಇಡೀ ಸಾಲು ಹೊಂಬಣ್ಣಕ್ಕೆ ತಿರುಗುತ್ತೆ, ಒಂದು ಹದಿನೈದು ಇಪ್ಪತ್ತು ನಿಮಿಷ ಅಷ್ಟೇ.

ಏಪ್ರಿಲ್ ಕೊನೆಯಿಂದ ಜೂನ್, ಆಮೇಲೆ ಸೆಪ್ಟೆಂಬರ್ ಅಕ್ಟೋಬರ್, ಇವು ಒಳ್ಳೇ ತಿಂಗಳು. ಚಳಿಗಾಲದಲ್ಲಿ ನದಿ ಗಾಳಿ ಕಿವಿ ಕೊಯ್ಯುತ್ತೆ, ವಯಸ್ಸಾದೋರು ಇದ್ರೆ ಜನವರಿ ಫೆಬ್ರವರಿ ದಯವಿಟ್ಟು ಬೇಡ. ಮಾರ್ಚ್ ಮೊದಲ ಶನಿವಾರವೂ ಬೇಡ, ಸೇಂಟ್ ಪ್ಯಾಟ್ರಿಕ್ಸ್ ಹಬ್ಬದ ಹೆಸರಲ್ಲಿ ಬೆಳಿಗ್ಗೆಯಿಂದಲೇ ಬಾರ್‌ಗಳ ಮುಂದೆ ಲೈನು, ಕುಡಿದು ಕೂಗಾಡೋ ಹುಡುಗರು, ಫುಟ್‌ಪಾತಲ್ಲಿ ಕಾಲಿಡೋಕೆ ಜಾಗ ಇರಲ್ಲ. ಜುಲೈ ಕೊನೇಲಿ ಬಂದ್ರೆ ಸೇಂಟ್ ಆನ್ ಚರ್ಚಿನ ಇಟಾಲಿಯನ್ ಜಾತ್ರೆ ಸಿಗುತ್ತೆ, ಬಿಸಿ ಎಣ್ಣೇಲಿ ಕರಿದು ಸಕ್ಕರೆ ಪುಡಿ ಉದುರಿಸಿ ಕೊಡೋ ಝೆಪ್ಪೊಲೆ ತಿನ್ಲೇಬೇಕು.

ಹೋಗೋದು ಹೇಗೆ

ಮ್ಯಾನ್‌ಹ್ಯಾಟನ್ ಕಡೆಯಿಂದ ಸುಲಭ ದಾರಿ ಪಾಥ್ (PATH) ಟ್ರೇನ್, ನದಿ ಕೆಳಗಿಂದ ನ್ಯೂಜೆರ್ಸಿಗೆ ಬರೋ ರೈಲು. 33ನೇ ಸ್ಟ್ರೀಟ್, 23, 14, 9, ಕ್ರಿಸ್ಟೋಫರ್ ಸ್ಟ್ರೀಟ್ ಇವುಗಳಲ್ಲಿ ಎಲ್ಲಿ ಬೇಕಾದ್ರೂ ಹತ್ತಿ, ಬೋರ್ಡಲ್ಲಿ ಹೋಬೋಕನ್ ಅಂತ ಇರ್ಬೇಕು, ಅಷ್ಟು ನೋಡ್ಕೊಳ್ಳಿ. 33ರಿಂದ ಸುಮಾರು ಕಾಲು ಗಂಟೆ. ವೀಕ್‌ಡೇಸಲ್ಲಿ ವರ್ಲ್ಡ್ ಟ್ರೇಡ್ ಸೆಂಟರಿಂದಲೂ ನೇರ ಗಾಡಿ ಇದೆ. ಶನಿವಾರ ಭಾನುವಾರ ರೂಟು ಬದಲಾಗಿರಬಹುದು, ಮನೆ ಬಿಡೋ ಮುಂಚೆ ಆ್ಯಪಲ್ಲಿ ಒಂದ್ಸಲ ನೋಡ್ಬಿಡಿ. ಟಿಕೆಟ್ 3 ಡಾಲರ್ ಆಸುಪಾಸು, ಗೇಟಲ್ಲೇ ಕಾರ್ಡ್ ಅಥವಾ ಫೋನ್ ಟ್ಯಾಪ್ ಮಾಡಬಹುದು. ಸಬ್‌ವೇಯಿಂದ ಇಳಿದು ಪಾಥ್ ಹತ್ತಿದ್ರೆ ಮತ್ತೆ ದುಡ್ಡು ಕೊಡ್ಬೇಕು, ಎರಡೂ ಬೇರೆ ಬೇರೆ ಸಂಸ್ಥೆ, ಫ್ರೀ ಟ್ರಾನ್ಸ್‌ಫರ್ ಇಲ್ಲ.

ಹೊಸಬರು ಎಡವೋದು ಇಲ್ಲಿ. ಪೆನ್ ಸ್ಟೇಷನ್‌ಗೆ ಹೋಗಿ ನ್ಯೂಜೆರ್ಸಿ ಟ್ರೇನ್ ಹತ್ತಿದ್ರೆ ಹೋಬೋಕನ್ ಬರುತ್ತೆ ಅನ್ಕೋತಾರೆ, ಬರಲ್ಲ, ಸಿಕಾಕಸ್‌ನಲ್ಲಿ ಇಳಿದು ಗಾಡಿ ಬದಲಾಯಿಸ್ಬೇಕು. ಪಾಥ್‌ನ 33ನೇ ಸ್ಟ್ರೀಟ್ ಸ್ಟೇಷನ್ ಇರೋದು ಪೆನ್ ಸ್ಟೇಷನ್ ಒಳಗಲ್ಲ, ಪೂರ್ವಕ್ಕೆ ನಡೆದು ಸಿಕ್ಸ್ತ್ ಅವೆನ್ಯೂಗೆ ಬರ್ಬೇಕು. ಎಡಿಸನ್, ಮೆಟ್ರೋಪಾರ್ಕ್ ಕಡೆ ಇರೋ ನಮ್ಮೋರಿಗೆ ಮಾತ್ರ ಆ ಸಿಕಾಕಸ್ಸೇ ಉಪಯೋಗ, ಅಲ್ಲಿ ಇಳಿದು ಕೆಳಗಿನ ಪ್ಲಾಟ್‌ಫಾರ್ಮಿಂದ ಹೋಬೋಕನ್ ಗಾಡಿ ಹತ್ತಿದ್ರೆ ಹತ್ತು ಹನ್ನೆರಡು ನಿಮಿಷ, ಮ್ಯಾನ್‌ಹ್ಯಾಟನ್‌ಗೆ ಹೋಗಿ ವಾಪಸ್ ಬರೋ ಅವಶ್ಯಕತೆನೇ ಇಲ್ಲ.

ಕಾರು ತರ್ಬೇಡಿ. ತಂದ್ರೆ ಮುನಿಸಿಪಲ್ ಗರಾಜಲ್ಲಿ ದುಡ್ಡು ಕೊಟ್ಟು ನಿಲ್ಲಿಸಿ. ರಸ್ತೆ ಬದಿ ಹಸಿರು ಬೋರ್ಡ್ ಇರೋ ಕಡೆ ಅಲ್ಲಿ ವಾಸ ಇರೋರ ಪರ್ಮಿಟ್ ಗಾಡಿಗಳಿಗೆ ಮಾತ್ರ ಜಾಗ, ಅರ್ಧ ಗಂಟೆ ಅಂತ ಬಿಟ್ಟು ಹೋದ್ರೂ ವಾಪಸ್ ಬರೋಷ್ಟೊತ್ತಿಗೆ ಚಕ್ರಕ್ಕೆ ಬೂಟ್ (ಗಾಡಿ ಕದಲದ ಹಾಗೆ ಹಾಕೋ ಬೀಗ) ಬಿದ್ದಿರಬಹುದು.

ಇಳಿದ ತಕ್ಷಣ ಓಡಬೇಡಿ, ಟರ್ಮಿನಲ್ ನೋಡಿ

ಪಾಥ್ ಇಳಿದು ಮೇಲೆ ಬಂದ್ರೆ ಎಲ್ಲರೂ ಸೀದಾ ರೋಡಿಗೆ ಹೋಗ್ತಾರೆ. ನೀವು ರೈಲು ಕಡೆ ಬೋರ್ಡ್ ಹಿಡಿದು ವೇಟಿಂಗ್ ರೂಮಿಗೆ ಹೋಗಿ. 1907ರಲ್ಲಿ ಲಾಕವಾನಾ ರೈಲ್ವೆ ಕಟ್ಟಿಸಿದ್ದು, ಹೊರಗೋಡೆಗೆ ತಾಮ್ರದ ಹೊದಿಕೆ, ನೂರು ವರ್ಷದ ಮಳೆ ಬಿಸಿಲಿಗೆ ನಮ್ಮ ಹಳೇ ಹಂಡೆ ಕಿಲುಬು ಹಿಡಿದ ಹಾಗೆ ಹಸಿರಾಗಿದೆ. ಒಳಗೆ ಉದ್ದ ಮರದ ಬೆಂಚು. ಅದರ ಮೇಲೆ ಕೂತು ತಲೆ ಎತ್ತಿ, ಸೂರು ಪೂರ್ತಿ ಟಿಫನಿ ಅನ್ನೋ ಕಲಾವಿದರ ಹೆಸರಿನ ಬಣ್ಣ ಬಣ್ಣದ ಗಾಜು. ಮೋಡ ಸರಿದಾಗ ಆ ಬೆಳಕು ನೆಲದ ಮೇಲೆ ಸಾವಕಾಶ ಬಣ್ಣ ಬದಲಾಯಿಸುತ್ತೆ. ಅಪ್ಪ ಇಲ್ಲಿಂದ ಏಳೋಕೇ ಒಪ್ಪಲಿಲ್ಲ, ಅರ್ಧ ಗಂಟೆ ಕೂತಿದ್ರು, ರೈಲ್ವೆ ಸ್ಟೇಷನ್ ಅಂದ್ರೆ ಅವರಿಗೆ ಮೊದಲಿಂದ ಪ್ರೀತಿ. 1930ರಲ್ಲಿ ಈ ಲೈನಿನ ಮೊದಲ ಎಲೆಕ್ಟ್ರಿಕ್ ಟ್ರೇನನ್ನ ಇಲ್ಲಿಂದ ಓಡಿಸಿದ್ದು ಸಾಕ್ಷಾತ್ ಥಾಮಸ್ ಎಡಿಸನ್ ಅಂತ ಹೇಳಿದ್ಮೇಲಂತೂ ಪ್ಲಾಟ್‌ಫಾರ್ಮ್‌ಗೂ ಒಂದು ಸುತ್ತು ಹೋಗ್ಬಂದ್ರು. ಟಾಯ್ಲೆಟ್ ಇಲ್ಲೇ ಮುಗಿಸ್ಕೊಳ್ಳಿ, ಮುಂದೆ ಪದೇ ಪದೇ ಸಿಗಲ್ಲ.

ಪಿಯರ್ ಎ, ಹತ್ತು ನಿಮಿಷ

ಟರ್ಮಿನಲ್ ಬಿಟ್ಟು ನದಿ ಪಕ್ಕದಲ್ಲೇ ಉತ್ತರಕ್ಕೆ ನಡೆದ್ರೆ ಪಿಯರ್ ಎ ಪಾರ್ಕ್, ಹುಲ್ಲು, ಮರ, ಬೆಂಚು. ಎದುರಿಗೆ ಕೆಳ ಮ್ಯಾನ್‌ಹ್ಯಾಟನ್. ಬಂದೋರೆಲ್ಲ ನೋಡೋದು ಇದನ್ನೇ, ನೋಡಿ, ಆದ್ರೆ ನೀವು ಎಲ್ಲಿ ನಿಂತಿದ್ದೀರಿ ಅನ್ನೋದೂ ಗೊತ್ತಿರ್ಲಿ. ಮೊದಲ ಮಹಾಯುದ್ಧಕ್ಕೆ ಮುಂಚೆ ಇಲ್ಲಿದ್ದ ಧಕ್ಕೆಗಳು ಜರ್ಮನ್ ಹಡಗು ಕಂಪನಿಗಳದ್ದು, 1917ರಲ್ಲಿ ಅಮೆರಿಕಾ ಅವನ್ನ ವಶಪಡಿಸ್ಕೊಂಡು ಯುರೋಪಿಗೆ ಲಕ್ಷಾಂತರ ಸೈನಿಕರನ್ನ ಕಳಿಸಿದ್ದು ಇಲ್ಲಿಂದ. "ಕ್ರಿಸ್‌ಮಸ್‌ಗೆ ಸ್ವರ್ಗ, ನರಕ, ಇಲ್ಲಾ ಹೋಬೋಕನ್" ಅನ್ನೋದು ಆ ಹುಡುಗರ ಮಾತು, ಅಂದ್ರೆ ಸಾಯ್ತೀವಿ ಇಲ್ಲಾ ಮನೆ ಸೇರ್ತೀವಿ ಅಂತ. 2001ರ ಸೆಪ್ಟೆಂಬರ್ 11ರಂದು ಇದೇ ದಂಡೆಗೆ ದೋಣಿ ದೋಣಿ ಜನ ಬೂದಿ ಮುಖದಲ್ಲಿ ಬಂದು ಇಳಿದ್ರು, ಈ ಪುಟ್ಟ ಊರು ಅವತ್ತು ಐವತ್ತಕ್ಕೂ ಹೆಚ್ಚು ಜನರನ್ನ ಕಳ್ಕೊಂಡಿತ್ತು. ಅವರ ಸ್ಮಾರಕ ಇದೇ ಪಿಯರಲ್ಲಿದೆ, ಫೋಟೋಗೆ ಪೋಸ್ ಕೊಡೋ ಮುಂಚೆ ಒಂದು ನಿಮಿಷ ಅಲ್ಲಿ ನಿಲ್ಲಿ.

ಈಗ ಬೆನ್ನು ತಿರುಗಿಸಿ: ವಾಷಿಂಗ್ಟನ್ ಸ್ಟ್ರೀಟ್

ನದಿಯಿಂದ ಎರಡು ಮೂರು ಬ್ಲಾಕ್ ಒಳಗೆ ಬಂದ್ರೆ ಊರಿನ ಮುಖ್ಯ ಬೀದಿ. ಇಲ್ಲಿ ದಾರಿ ತಪ್ಪೋಕೆ ಸಾಧ್ಯನೇ ಇಲ್ಲ, ಅಡ್ಡರಸ್ತೆಗೆ ನಂಬರ್, ದಕ್ಷಿಣದಿಂದ ಉತ್ತರಕ್ಕೆ 1, 2, 3 ಅಂತ ಏರ್ತಾ ಹೋಗುತ್ತೆ. ಇನ್ನೊಂದು ಗುಟ್ಟು, ಮನೆ ನಂಬರಲ್ಲೇ ಅಡ್ಡರಸ್ತೆ ಅಡಗಿದೆ. 622 ಅಂದ್ರೆ 6 ಮತ್ತು 7ನೇ ಸ್ಟ್ರೀಟ್ ಮಧ್ಯ, 415 ಅಂದ್ರೆ 4 ಮತ್ತು 5ರ ಮಧ್ಯ. ಇದನ್ನ ಅಮ್ಮಂಗೆ ಒಂದ್ಸಲ ಹೇಳಿದೆ, ಆಮೇಲೆ ಇಡೀ ದಿನ ದಾರಿ ಹೇಳಿದ್ದು ಅವರೇ.

ನಡೆಯೋವಾಗ ಒಂದು ವಿಷಯ ಗಮನಿಸಿ, ಮೂಲೆಗಳಲ್ಲಿ ಕಾರು ನಿಲ್ಲಿಸೋಕೆ ಬಿಡಲ್ಲ, ಕಂಬ ನೆಟ್ಟು, ಕೆಲವು ಕಡೆ ಗಿಡ ಹಾಕಿ, ಜಾಗ ಖಾಲಿ ಇಟ್ಟಿರ್ತಾರೆ, ರಸ್ತೆ ದಾಟೋನಿಗೆ ಗಾಡಿ, ಗಾಡಿಯವನಿಗೆ ಮನುಷ್ಯ ಮೊದಲೇ ಕಾಣ್ಲಿ ಅಂತ. ಸ್ಪೀಡ್ ಲಿಮಿಟ್ 20 ಮೈಲಿ. ಇಂಥ ಸಣ್ಣ ಸಣ್ಣ ಕೆಲಸದಿಂದಲೇ 2017ರ ಶುರುವಿಂದ ಏಳು ವರ್ಷ ಈ ಊರಿನ ರಸ್ತೆಗಳಲ್ಲಿ ಒಂದೂ ಟ್ರಾಫಿಕ್ ಸಾವು ಆಗಲಿಲ್ಲ. 60 ಸಾವಿರ ಜನ ಒತ್ತಾಗಿ ಬದುಕೋ ಊರಲ್ಲಿ! ಇಲ್ಲಿಗೆ ಬಂದು ನೋಡಲೇಬೇಕಾದ್ದು ಯಾವುದು ಅಂತ ಯಾರಾದ್ರೂ ಕೇಳಿದ್ರೆ ನಾನು ಈ ಮೂಲೆಗಳನ್ನೂ ಸೇರಿಸಿ ಹೇಳ್ತೀನಿ. 2017ರ ಕೊನೇಲಿ ಮೇಯರ್ ಆಗಿ ಗೆದ್ದ ರವಿ ಭಲ್ಲಾ ಪೇಟ ಕಟ್ಟಿದ ಸಿಖ್ಖರು, ಮನೆಯಿಂದ ಬಂದ ಹಿರಿಯರಿಗೆ ಇದನ್ನ ಹೇಳಿದ್ರೆ ಊರು ಇನ್ನೂ ಹತ್ತಿರ ಅನ್ಸುತ್ತೆ.

ಕಾರ್ಲೋಸ್ ಬೇಕರಿ 95 ವಾಷಿಂಗ್ಟನ್. ಟೀವಿ ಶೋ ಬಂದ್ಮೇಲೆ ವೀಕೆಂಡಲ್ಲಿ ಜನ ಜಾತ್ರೆ, ವಾರದ ದಿನ ಆರಾಮು. ಕೇಕ್ ಎಲ್ಲಾ ಕಡೆ ಸಿಗುತ್ತೆ, ಇಲ್ಲಿ ತಗೋಬೇಕಾದ್ದು 'ಲಾಬ್‌ಸ್ಟರ್ ಟೇಲ್'. ಹೆಸರು ಕೇಳಿ ಗಾಬರಿ ಬೇಡ, ಮೀನು ಏಡಿ ಏನೂ ಇಲ್ಲ, ಆಕಾರಕ್ಕೆ ಇಟ್ಟ ಹೆಸರು. ನಮ್ಮ ಚಿರೋಟಿ ಥರ ಪದರ ಪದರ, ಮುರಿದ್ರೆ ಚೂರು ಚೂರು ಮಡಿಲ ತುಂಬಾ ಉದುರುತ್ತೆ, ಒಳಗೆ ತಣ್ಣಗಿನ ಕ್ರೀಮು. ಮೊಟ್ಟೆ ತಿನ್ನದೋರು ಮಾತ್ರ ಕೇಳಿ ತಗೊಳ್ಳಿ. ಒಂದು ತಗೊಂಡ್ರೆ ಇಬ್ಬರಿಗೆ ಸಾಕು.

ಪಶ್ಚಿಮಕ್ಕೆ, ಯಾರೂ ಹೋಗದ ಕಡೆ

4ನೇ ಸ್ಟ್ರೀಟಿಗೆ ಬಂದು ಎಡಕ್ಕೆ ತಿರುಗಿ. ಬ್ಲೂಮ್‌ಫೀಲ್ಡ್, ಗಾರ್ಡನ್, ಪಾರ್ಕ್, ವಿಲ್ಲೋ, ಕ್ಲಿಂಟನ್, ಗ್ರ್ಯಾಂಡ್, ಆ್ಯಡಮ್ಸ್, ಹೀಗೆ ಒಂದೊಂದೇ ಬೀದಿ ದಾಟ್ತಾ ಹೋಗ್ತೀರಿ. ಕಂದು ಕಲ್ಲಿನ ಸಾಲು ಮನೆ, ಪ್ರತಿ ಮನೆಗೂ ಏಳೆಂಟು ಮೆಟ್ಟಿಲು, ಸಂಜೆ ಆದ್ರೆ ಜನ ಆ ಮೆಟ್ಟಿಲ ಮೇಲೆ ಕೂತು ಮಾತಾಡ್ತಿರ್ತಾರೆ. ಅಮ್ಮ ನೋಡಿದ ತಕ್ಷಣ "ಇವರಿಗೂ ಜಗಲಿ ಇದೆ ಕಣೋ" ಅಂದ್ರು.

ಇಷ್ಟು ಚೆಂದ ಕಾಣೋ ಈ ಮನೆಗಳ ಹಿಂದೆ ಒಂದು ನೋವೂ ಇದೆ. 1970ರ ದಶಕದ ಕೊನೆ, 80ರ ಶುರುವಲ್ಲಿ ದುಡ್ಡಿದ್ದೋರು ಹೋಬೋಕನ್ ಕಡೆ ಬರೋಕೆ ಶುರು ಮಾಡಿದಾಗ ಇಲ್ಲಿ ಕಟ್ಟಡಗಳಿಗೆ ಬೆಂಕಿ ಬೀಳೋದು ಶುರುವಾಯ್ತು, ಹತ್ತಾರು ಜನ ಸತ್ರು, ಹೆಚ್ಚಿನೋರು ಪೋರ್ಟೊರಿಕೋದಿಂದ ಬಂದಿದ್ದ ಬಡ ಬಾಡಿಗೆದಾರರು, ಮಕ್ಕಳು. ಇವತ್ತು ನಮ್ಮಂಥ ಐಟಿ ಜನ ದುಬಾರಿ ಬಾಡಿಗೆ ಕೊಟ್ಟು ಇರೋ ಬೀದಿಗಳು ಇವು, ನಡೆಯೋವಾಗ ಅದು ನೆನಪಲ್ಲಿರ್ಲಿ ಅನ್ನೋದು ನನ್ನ ಆಸೆ.

414 ಆ್ಯಡಮ್ಸ್‌ನಲ್ಲಿ ಫಿಯೋರೀಸ್, 1913ರಿಂದ ನಡೀತಿರೋ ಇಟಾಲಿಯನ್ ಅಂಗಡಿ. ಊರೋರು 'ಮುಟ್ಸ್' ಅನ್ನೋದು ತಾಜಾ ಮೊಝರೆಲ್ಲಾಗೆ. ಒಡೆದ ಹಾಲಿನ ಗಟ್ಟಿಯನ್ನ ಬಿಸಿನೀರಲ್ಲಿ ಹಾಕಿ ಕೈಯಲ್ಲೇ ಎಳೆದು ಎಳೆದು ಉಂಡೆ ಮಾಡೋದು, ಫ್ರಿಜ್ಜಿಗೆ ಹಾಕದೇ ಇರೋವಾಗಲೇ ತಿನ್ಬೇಕು. ಕುಯ್ದ ತಕ್ಷಣ ಹಾಲು ಜಿನುಗುತ್ತೆ, ಹಲ್ಲಿಗೆ ಸ್ವಲ್ಪ ಕಿರುಗುಟ್ಟುತ್ತೆ, ಉಪ್ಪು ಹದವಾಗಿರುತ್ತೆ. ಅಪ್ಪ ಒಂದು ತುಂಡು ಬಾಯಿಗೆ ಹಾಕ್ಕೊಂಡು ಕಣ್ಣು ಮುಚ್ಚಿ, "ಬೆಲ್ಲ ಹಾಕದೇ ಇರೋ ಗಿಣ್ಣು" ಅಂದ್ರು, ಅದಕ್ಕಿಂತ ಚೆನ್ನಾಗಿ ನನಗೂ ಹೇಳೋಕೆ ಬರಲ್ಲ. ಸಸ್ಯಾಹಾರಿಗಳು ಸುಟ್ಟ ಕೆಂಪು ಮೆಣಸಿನಕಾಯಿ ಜೊತೆ ಮುಟ್ಸ್ ಸ್ಯಾಂಡ್‌ವಿಚ್ ಮಾಡಿಸ್ಕೊಳ್ಳಿ. ಕಟ್ಟುನಿಟ್ಟು ಇರೋರು ಯಾವ ಚೀಸ್ ಅಂಗಡಿಗೆ ಹೋದ್ರೂ ಹಾಲು ಒಡೆಯೋಕೆ ಯಾವ ರೆನೆಟ್ ಹಾಕ್ತಾರೆ ಅಂತ ಕೇಳ್ಬೇಕು, ಪ್ರಾಣಿಮೂಲದ್ದೂ ಇರುತ್ತೆ. ಗುರುವಾರ, ಶನಿವಾರ ಇಲ್ಲಿ ರೋಸ್ಟ್ ಬೀಫ್ ಸ್ಯಾಂಡ್‌ವಿಚ್ಚಿನ ದಿನ, ಕ್ಯೂ ಬಾಗಿಲಾಚೆಗೂ ಬರುತ್ತೆ, ಅದು ಬೇಡದೋರು ಬೇರೆ ದಿನ ಬನ್ನಿ.

ಅಲ್ಲಿಂದ ಮೂರು ಬ್ಲಾಕ್ ಮುಂದೆ 415 ಮನ್ರೋ. ಹೆಸರಾಂತ ಗಾಯಕ ಫ್ರ್ಯಾಂಕ್ ಸಿನಾಟ್ರಾ ಹುಟ್ಟಿದ್ದು ಇಲ್ಲಿ, 1915ರ ಡಿಸೆಂಬರ್ 12. ಮನೆ ಇಲ್ಲ, ಸುಟ್ಟು ಹೋಯ್ತು, ಫುಟ್‌ಪಾತಲ್ಲಿ ಒಂದು ಕಂಚಿನ ನಕ್ಷತ್ರ ಇದೆ ಅಷ್ಟೇ. ಹಾಡು ಇಷ್ಟ ಇಲ್ಲದೋರು ಇದನ್ನ ಬಿಟ್ರೂ ನಡೆಯುತ್ತೆ.

ಇಲ್ಲಿ ನೆಲ ಎಷ್ಟು ಮಟ್ಟಸ ಅಂತ ನೋಡಿ. ಹಿಂದೆ ಹೋಬೋಕನ್ ಹೆಚ್ಚೂಕಮ್ಮಿ ದ್ವೀಪ, ಪೂರ್ವಕ್ಕೆ ಬಂಡೆ ಗುಡ್ಡ, ಈ ಪಶ್ಚಿಮ ಭಾಗ ಪೂರ್ತಿ ಜೌಗು. ಜೌಗನ್ನ ತುಂಬಿಸಿ ಮನೆ ಕಟ್ಟಿದ್ರು, ನೀರು ಮಾತ್ರ ತನ್ನ ಹಳೇ ಜಾಗ ಮರೀಲಿಲ್ಲ. 2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ಬಂದಾಗ ಗುಡ್ಡದ ಎರಡು ತುದಿಯಿಂದ, ಅಂದ್ರೆ ದಕ್ಷಿಣದ ಟರ್ಮಿನಲ್ ಕಡೆಯಿಂದ ಮತ್ತು ಉತ್ತರದ ವೀಹಾಕನ್ ಕೋವ್ ಕಡೆಯಿಂದ ನದಿ ನುಗ್ಗಿ ಈ ಭಾಗ ಸ್ನಾನದ ತೊಟ್ಟಿ ತುಂಬಿದ ಹಾಗೆ ತುಂಬ್ಕೊಳ್ತು. ಜನರನ್ನ ಹೊರಗೆ ತರೋಕೆ ನ್ಯಾಷನಲ್ ಗಾರ್ಡ್ ಟ್ರಕ್ ಬರ್ಬೇಕಾಯ್ತು, ಪಾಥ್ ಸ್ಟೇಷನ್ ಮತ್ತೆ ತೆರೆದಿದ್ದು ಡಿಸೆಂಬರ್ 19ಕ್ಕೆ. ಅದಕ್ಕೆ ಈಗ ಪಾರ್ಕ್‌ಗಳ ಕೆಳಗೇ ಟ್ಯಾಂಕ್ ಕಟ್ತಿದ್ದಾರೆ. ವಾಯವ್ಯ ಮೂಲೇಲಿ 12ನೇ ಸ್ಟ್ರೀಟ್ ಹತ್ತಿರ 2023ರಲ್ಲಿ ತೆರೆದ ರೆಸಿಲಿಯನ್‌ಸಿಟಿ ಪಾರ್ಕ್ ಸುಮಾರು 5 ಎಕರೆ, ಮಳೆ ಬಂದ್ರೆ 20 ಲಕ್ಷ ಗ್ಯಾಲನ್, ಅಂದ್ರೆ 75 ಲಕ್ಷ ಲೀಟರ್ ನೀರು ಹಿಡಿದಿಟ್ಕೊಳ್ಳುತ್ತೆ, ಮೇಲೆ ಮಕ್ಕಳು ಬ್ಯಾಸ್ಕೆಟ್‌ಬಾಲ್ ಆಡ್ತಿರ್ತಾರೆ. ಬೆಂಗಳೂರಲ್ಲಿ ಮಳೆಗೆ ಮನೆಯೊಳಗೆ ನೀರು ನುಗ್ಗಿದ್ದನ್ನ ಕಂಡೋರು ಸಮಯ ಮಾಡ್ಕೊಂಡು ಇದನ್ನ ನೋಡಿ.

ಗುಡ್ಡ ಹತ್ತೋದು

ವಾಪಸ್ ಪೂರ್ವಕ್ಕೆ ಬರ್ತಾ ಚರ್ಚ್ ಸ್ಕ್ವೇರ್ ಪಾರ್ಕಲ್ಲಿ ಅರ್ಧ ಗಂಟೆ ಕೂತು ಸುಧಾರಿಸ್ಕೊಳ್ಳಿ, ಪಕ್ಕದಲ್ಲೇ ಪಬ್ಲಿಕ್ ಲೈಬ್ರರಿ ಇದೆ. ಆಮೇಲೆ ಸ್ಟೀವನ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಕ್ಯಾಂಪಸ್. ನಮ್ಮ ಎಷ್ಟೋ ಮಕ್ಕಳು ಎಂಎಸ್ ಮಾಡೋಕೆ ಬರೋದು ಇಲ್ಲಿಗೇ, 1870ರ ಕಾಲೇಜು. ಕರ್ನಲ್ ಜಾನ್ ಸ್ಟೀವನ್ಸ್ ಅನ್ನೋರು 1784ರಲ್ಲಿ ಈ ಇಡೀ ಜಾಗವನ್ನ ಹರಾಜಲ್ಲಿ ಕೊಂಡ್ರು, 1811ರಲ್ಲಿ ನದಿಗೆ ಉಗಿ ದೋಣಿ ಬಿಟ್ರು, 1825ರಲ್ಲಿ ತಮ್ಮ ಜಮೀನಲ್ಲೇ ದುಂಡಗೆ ಹಳಿ ಹಾಕಿ ಉಗಿ ಬಂಡಿ ಓಡಿಸಿ ತೋರಿಸಿದ್ರು. ನದಿ ದಾಟಿ ಕೆಲಸಕ್ಕೆ ಹೋಗೋ ಊರು ಹುಟ್ಟಿದ್ದೇ ಆ ದೋಣಿಯಿಂದ ಅನ್ನಿ. ಮೇಲೆ ಕ್ಯಾಸಲ್ ಪಾಯಿಂಟ್ ಅಂಚಿಗೆ ನಿಂತ್ರೆ ಇಡೀ ನದಿ ಕಾಲ ಕೆಳಗೆ. ನನ್ನ ಮಟ್ಟಿಗೆ ಪಿಯರ್‌ಗಿಂತ ಈ ನೋಟವೇ ಮೇಲು. ಮಂಡಿ ನೋವಿನೋರು ಇದನ್ನ ಬಿಟ್ಟು ಹಡ್ಸನ್ ಸ್ಟ್ರೀಟಲ್ಲೇ ಉತ್ತರಕ್ಕೆ ನಡೀಬಹುದು.

ನದಿ ಪಕ್ಕ ಸಿನಾಟ್ರಾ ಡ್ರೈವಿಗೆ ಇಳಿದು ಬಂಡೆ ನೋಡಿ, ಹಸಿರು ಛಾಯೆ ಇರೋ ಸರ್ಪೆಂಟೈನ್ ಕಲ್ಲು. ಅಲ್ಲೇ ಸಿಬಿಲ್ಸ್ ಕೇವ್, 1832ರಲ್ಲಿ ಕೊರೆದ ಗುಹೆ, ಒಳಗಿನ ಒರತೆ ನೀರು ಒಳ್ಳೇದು ಅಂತ ಲೋಟಕ್ಕೆ ಒಂದು ಪೆನ್ನಿಗೆ ಮಾರ್ತಿದ್ರು. ಈಗ ಗೇಟು ಹಾಕಿದೆ.

ಉತ್ತರ ತುದಿ: ಬೇಸ್‌ಬಾಲ್, ಕಾಫಿ, ಟೀ

10, 11ನೇ ಸ್ಟ್ರೀಟ್ ಹತ್ತಿರ ಎಲಿಸಿಯನ್ ಪಾರ್ಕ್. ಈಗ ಉಳಿದಿರೋದು ಚೂರು, ಹಿಂದೆ ಇದು ದೊಡ್ಡ ಮೈದಾನ. 1846ರ ಜೂನ್ 19ರಂದು ಬರೆದಿಟ್ಟ ರೂಲ್ಸ್ ಪ್ರಕಾರ ನಿಕರ್‌ಬಾಕರ್ಸ್ ತಂಡ ಇಲ್ಲಿ ಬೇಸ್‌ಬಾಲ್ ಆಡ್ತು. ರೂಲ್ಸ್ ಬರೆದೋರು ಅವರೇ, ಸೋತೋರೂ ಅವರೇ, 23–1. ವಾಷಿಂಗ್ಟನ್ ಮತ್ತು 11ನೇ ಸ್ಟ್ರೀಟ್ ಮೂಲೇಲಿ ಗುರುತಿನ ಫಲಕ ಇದೆ.

ಕಾಫಿ ಜನಕ್ಕೆ ಮುಂದಿನ ಜಾಗ. ಇಲ್ಲಿ ನದಿ ದಂಡೆ ಮೇಲೆ ಮ್ಯಾಕ್ಸ್‌ವೆಲ್ ಹೌಸ್ ಕಾಫಿ ಫ್ಯಾಕ್ಟರಿ ಇತ್ತು, 1939ರಿಂದ 1992ರವರೆಗೆ. ಹಡಗಲ್ಲಿ ಹಸಿ ಬೀಜ ಬಂದು ಇಳಿದು ಇಲ್ಲೇ ಹುರಿದು ಪುಡಿ ಮಾಡ್ತಿದ್ರು, ಗಾಳಿ ಬೀಸಿದ ಕಡೆ ಊರಿಗೆಲ್ಲ ಕಾಫಿ ಹುರಿಯೋ ಘಮ ಅಂತ ಹಳಬರು ಈಗ್ಲೂ ಹೇಳ್ತಾರೆ. ಅಪ್ಪ ಚಿಕ್ಕಮಗಳೂರು ಕಡೆಯೋರು, ಸೀಡ್ಸ್ ಹುರಿಸೋಕೆ ಚೀಲ ಹಿಡ್ಕೊಂಡು ಮಿಲ್ ಮುಂದೆ ನಿಲ್ತಿದ್ದೋರು, ಇಲ್ಲಿ ನಿಂತು ಗಾಳಿ ಮೂಸಿ ನೋಡಿದ್ರು. ಈಗ ಅಲ್ಲಿರೋದು ಮ್ಯಾಕ್ಸ್‌ವೆಲ್ ಪ್ಲೇಸ್ ಅನ್ನೋ ಅಪಾರ್ಟ್‌ಮೆಂಟು, ಎದುರಿಗೆ ಪುಟ್ಟ ಮರಳ ದಂಡೆ, ಬೇಸಿಗೇಲಿ ಕೆಲವು ದಿನ ಫ್ರೀ ಕಯಾಕ್ ಬಿಡ್ತಾರೆ. ಸ್ವಲ್ಪ ಉತ್ತರಕ್ಕೆ 1500 ವಾಷಿಂಗ್ಟನ್, ಹಳೇ ಲಿಪ್ಟನ್ ಟೀ ಕಟ್ಟಡ, ಅದೂ ಈಗ ಮನೆಗಳು. 1301 ಹಡ್ಸನ್‌ನಲ್ಲಿ ಹೋಬೋಕನ್ ಹಿಸ್ಟಾರಿಕಲ್ ಮ್ಯೂಸಿಯಂ, ಹಡಗು ರಿಪೇರಿ ಮಾಡ್ತಿದ್ದ ಬೆತ್ಲೆಹೆಮ್ ಸ್ಟೀಲಿನ ಹಳೇ ಮೆಷಿನ್ ಶಾಪಲ್ಲೇ ಇದೆ. ಚಿಕ್ಕದು, ಮುಕ್ಕಾಲು ಗಂಟೆ ಸಾಕು, ಸಂಜೆ ಬೇಗ ಮುಚ್ಚುತ್ತೆ, ಟೈಮಿಂಗ್ ನೋಡ್ಕೊಂಡು ಬನ್ನಿ.

ವಾಪಸ್ ಬರೋದು

14ನೇ ಸ್ಟ್ರೀಟ್ ಧಕ್ಕೆಯಿಂದ ಮಿಡ್‌ಟೌನ್ 39ನೇ ಸ್ಟ್ರೀಟಿಗೆ ಫೆರ್ರಿ ಇದೆ. ಪಾಥ್‌ಗೆ ಹೋಲಿಸಿದ್ರೆ ಮೂರು ಪಟ್ಟು ದುಬಾರಿ, ಆದ್ರೂ ಒಂದು ಸಲಕ್ಕೆ ಹೋಗೋದು ಹೀಗೇ ಹೋಗಿ. ಟಿಕೆಟ್ ಆ್ಯಪಲ್ಲಿ ಮೊದಲೇ ತಗೊಳ್ಳಿ, ಹತ್ತು ನಿಮಿಷ ಮುಂಚೆ ಧಕ್ಕೆ ಸೇರಿ, ಮೇಲಿನ ಡೆಕ್ಕಲ್ಲಿ ಹಿಂಭಾಗದ ಸೀಟು ಹಿಡೀರಿ. ದೋಣಿ ಹೊರಟಾಗ ಎಲ್ಲರೂ ಮುಂದಕ್ಕೆ ಹೋಗಿ ಎಂಪೈರ್ ಸ್ಟೇಟ್ ಫೋಟೋ ತೆಗೀತಿದ್ರೆ ಅಮ್ಮ ಹಿಂದೆ ತಿರುಗಿ ಕೂತು, ಗುಡ್ಡ ಅಲ್ಲಿ, ಕಾಫಿ ಫ್ಯಾಕ್ಟರಿ ಇಲ್ಲಿ, ನಾವು ಕೂತಿದ್ದ ಸ್ಟೇಷನ್ ಆ ತುದೀಲಿ ಅಂತ ಬೆರಳು ಮಾಡಿ ಒಂದೊಂದೇ ಗುರುತಿಸ್ತಿದ್ರು.

ರಾತ್ರಿ ಊಟಕ್ಕೆ ದೋಸೆನೇ ಬೇಕು ಅಂದ್ರೆ ಫೆರ್ರಿ ಬಿಟ್ಟು ಬಸ್ಸಲ್ಲಿ ಟರ್ಮಿನಲ್‌ಗೆ ವಾಪಸ್ ಬಂದು ಪಾಥಲ್ಲಿ ಜೆರ್ಸಿ ಸಿಟಿಯ ಜರ್ನಲ್ ಸ್ಕ್ವೇರಿಗೆ ಹೋಗಿ, ವೀಕ್‌ಡೇಸಲ್ಲಿ ನ್ಯೂಪೋರ್ಟ್ ಹತ್ತಿರ ಗಾಡಿ ಬದಲಾಯಿಸ್ಬೇಕು. ಅಲ್ಲಿಂದ ನಡ್ಕೊಂಡು ನ್ಯೂಅರ್ಕ್ ಅವೆನ್ಯೂ, ಇಂಡಿಯಾ ಸ್ಕ್ವೇರ್, ಬೀದಿ ತುಂಬಾ ನಮ್ಮ ಹೋಟೆಲ್ಲು, ದಿನಸಿ ಅಂಗಡಿ, ಕರಿಬೇವು ಸೊಪ್ಪೂ ಸಿಗುತ್ತೆ. ಫೆರ್ರಿ ತಪ್ಪಿಹೋದ್ರೂ ಚಿಂತೆ ಇಲ್ಲ, ವಾಷಿಂಗ್ಟನ್ ಸ್ಟ್ರೀಟಲ್ಲಿ 126 ನಂಬರ್ ಬಸ್ ಹತ್ತಿ, ಲಿಂಕನ್ ಟನೆಲ್ ದಾಟಿ ಸೀದಾ ಪೋರ್ಟ್ ಅಥಾರಿಟಿ ಬಸ್ ಸ್ಟ್ಯಾಂಡಿಗೆ ಬಿಡುತ್ತೆ. ಭಾನುವಾರ ಸಂಜೆ ಟನೆಲ್ ಬಾಯಲ್ಲಿ ಜಾಮ್ ಜಾಸ್ತಿ, ಅವತ್ತು ಮಾತ್ರ ಪಾಥೇ ವಾಸಿ.